ಹೊಳೆಯ ಮೀನು ಅನಾಥವಲ್ಲ

ಹರಿಹರದಿಂದ ಕೊರ್ಲಹಳ್ಳಿಯವರೆಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಕೆಟ್ಟ ಹೊಳೆಗಳ ಪಟ್ಟಿ ಮಾಡಿದಾಗ ತುಂಗಭದ್ರೆಯ ಮುಂದೆ ಬರೆದದ್ದು ಇಷ್ಟೇ. ದೇಶದಲ್ಲಿ ಅಂಥ 351 ಕಡೆ, ಕರ್ನಾಟಕದಲ್ಲಿ 17 ಕಡೆ ಹೊಳೆ ಕೆಟ್ಟಿದೆ ಎಂದು ಆ ಪಟ್ಟಿ ಹೇಳಿತು. ಹರಿಹರ ದಾವಣಗೆರೆ ಜಿಲ್ಲೆಯದು, ಕೊರ್ಲಹಳ್ಳಿ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನದು. ಇವೆರಡರ ನಡುವಿನ ಎಡದಂಡೆಯ ಬಹುಪಾಲು ನಮ್ಮ ಹಾವೇರಿ ಜಿಲ್ಲೆಯದು. ಕುಮಾರಪಟ್ಟಣ, ನಲವಾಗಲ, ಐರಣಿ, ಹಿರೇಬಿದರಿ, ಚೌಡಯ್ಯದಾನಪುರ, ಗಳಗನಾಥ. ಪಟ್ಟಿ ಮಾಡಿದವರು ಮೊದಲ ಊರು, ಕೊನೆಯ ಊರು ಬರೆದು ಮುಗಿಸಿದರು. ನಡುವೆ ಇರುವ ನಾವು ಆ ನೀರನ್ನು ಕುಡಿಯುತ್ತೇವೆ, ದನ ತೊಳೆಯುತ್ತೇವೆ, ಭತ್ತಕ್ಕೆ ಹಾಯಿಸುತ್ತೇವೆ, ಅದರಲ್ಲಿ ಮೀನು ಹಿಡಿಯುತ್ತೇವೆ.

ನಾನು ಗಾಳ ಹಾಕುವವನು. ಮೀನು ಮಾರಿ ಬದುಕುವವನಲ್ಲ, ರಜೆ ಸಿಕ್ಕ ದಿನ ಹೊಳೆಗೆ ಹೋಗಿ ಹರಿಗೋಲಿನಲ್ಲಿ ಕೂರುವವನು. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಯಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ. ಗ್ಯಾರೇಜಿನಲ್ಲಿ ದುಡಿಯುವವರು, ಮೆಣಸಿನಕಾಯಿ ಅಂಗಡಿಯ ಲೆಕ್ಕ ಬರೆಯುವವರು, ಮೇಷ್ಟ್ರುಗಳು. ಕರಾವಳಿಯವರು ಸಣ್ಣ ದೋಣಿಯಲ್ಲಿ ಅಳಿವೆ ದಾಟಿ ಉಪ್ಪುನೀರಿಗೆ ಹೋಗಿ ಗಾಳ ಬಿಡುವಾಗ ಪಡುವ ಸುಖ ಏನಿದೆಯೋ, ನಮ್ಮ ಸಿಹಿನೀರಿನ ಮಡುವಿನ ಮೇಲೂ ಅದೇ ಸುಖ. ಸಮುದ್ರ ನಮಗೆ ದೂರ. ನಮ್ಮ ಸಂತೆಗೆ ಬಂಗಡೆ ಬರುವುದು ಘಟ್ಟ ಹತ್ತಿ, ಐಸಿನ ಪೆಟ್ಟಿಗೆಯಲ್ಲಿ. ಬದುಕಿರುವ ಮೀನು ನಮಗೆ ಸಿಗುವುದು ಈ ಹೊಳೆಯಲ್ಲಿ, ಇದಕ್ಕೆ ಸೇರುವ ವರದೆ, ಕುಮುದ್ವತಿಯಲ್ಲಿ, ಊರ ಕೆರೆಗಳಲ್ಲಿ ಮಾತ್ರ.

ಹರಿಗೋಲಿನ ಮೇಲೆ ಕೂತು ಗಾಳ ಹಾಕುವುದು ಸೋಮಾರಿಗಳ ಕೆಲಸ ಎಂದುಕೊಂಡವರು ಒಮ್ಮೆ ಕೂತು ನೋಡಬೇಕು. ದುಂಡಗಿನ ಬುಟ್ಟಿ ಅದು. ಬಿದಿರಿನ ಹೆಣಿಗೆಯ ಮೇಲೆ ಒಂದು ಕಾಲಕ್ಕೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಒಂದು ಕಡೆ ಭಾರ ಬಿದ್ದರೆ ಸುತ್ತುತ್ತದೆ, ಗಾಳಿಗೆ ಸುತ್ತುತ್ತದೆ, ಹುಟ್ಟು ಹಾಕಲು ಬಾರದವನ ಕೈಯಲ್ಲಿ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಮಡುವಿನ ಅಂಚಿನಲ್ಲಿ ಬಂಡೆಗೆ ಹಗ್ಗ ಕಟ್ಟಿ ನಿಲ್ಲಿಸಬೇಕು. ತಂಗೂಸಿಗೆ ಬೆಂಡು ಕಟ್ಟಿ ಆಳ ಹಿಡಿಯಬೇಕು. ಗೆಂಡೆಗೆ ಹಿಟ್ಟಿನ ಉಂಡೆ ಸಾಕು. ಬಾಳೆ ಮೀನಿಗೆ, ಕೊರವನಿಗೆ ಜೀವದ ಎರೆಯೇ ಬೇಕು, ಸಣ್ಣ ಮೀನೋ ಕಪ್ಪೆಯೋ. ಬೆಂಡು ಒಮ್ಮೆ ಅದುರಿ ನಿಂತರೆ ಗೆಂಡೆ ಮೂತಿ ಇಟ್ಟಿದೆ ಎಂದು ಅರ್ಥ. ಅದುರದೆ ಒಂದೇ ಏಟಿಗೆ ಮುಳುಗಿದರೆ ಬಾಳೆ. ಆಗ ತಂಗೂಸಿ ಬೆರಳು ಕೊಯ್ಯುತ್ತದೆ. ಹಿಡಿದ ಬಾಳೆಗೆ ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿ ದಂಡೆಯಲ್ಲೇ ಹುರಿದರೆ ಕಲ್ಲಿನ ಮೇಲೂ ಕೆಂಪು ಇಳಿದಿರುತ್ತದೆ. ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮೂರ ಒಬ್ಬ ಅಂಬಿಗರ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಗಾಳದ ಪಾಠಕ್ಕಿಂತ ಮೊದಲು ಅವರು ಹೇಳಿದ ಮಾತು ಇದು: "ತಮ್ಮಾ, ಮೀನು ಮ್ಯಾಲೆ ಬಂದು ಬಾಯಿ ಬಿಡಾಕತ್ತಾವು ಅಂದ್ರ ಗಾಳ ಎತ್ತಿಬಿಡು. ಅವು ಹಸದು ಬಂದಿಲ್ಲ, ಉಸರಿಗೆ ಬಂದಾವು."

ಉಸಿರಿಗೆ ಬಂದ ಮೀನನ್ನು ನಾನು ನೋಡಿದ್ದೇನೆ. ಬೇಸಿಗೆಯ ಕೊನೆ, ಹರಿವು ಸೊರಗಿ ಮಡುಗಳಷ್ಟೇ ಉಳಿದ ಕಾಲ, ಮೇಲೆಲ್ಲೋ ಮೊದಲ ಅಡ್ಡಮಳೆ ಬಿದ್ದ ಮರುದಿನ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಸಣ್ಣ ಪರಕೆಗಳು ಮೊದಲು ಬಂದವು, ಆಮೇಲೆ ಗೆಂಡೆ, ಕೊನೆಗೆ ಮಡುವಿನ ತಳ ಬಿಟ್ಟು ಎಂದೂ ಮೇಲೆ ಬಾರದ ಬಾಳೆ. ಬಾಯಿ ನೀರಿನ ಮೇಲಿಟ್ಟು ಗುಟುಕು ಗುಟುಕಾಗಿ ಗಾಳಿ ನುಂಗುತ್ತಿದ್ದವು. ಕೈ ಚಾಚಿದರೆ ಓಡಿಹೋಗುವ ಶಕ್ತಿಯೂ ಇರಲಿಲ್ಲ. ಒಂದನ್ನು ಎತ್ತಿ ಕಿವಿರು ಬಿಡಿಸಿ ನೋಡಿದೆ. ಕೆಂಪಗೆ ಇರಬೇಕಾದದ್ದು ಕಂದಾಗಿ, ಲೋಳೆ ಮೆತ್ತಿಕೊಂಡಿತ್ತು. ಸಂಜೆಯೊಳಗೆ ಹೊಟ್ಟೆ ಮೇಲಾಗಿ ದಂಡೆಯುದ್ದಕ್ಕೂ ಸೇರಿದವು. ಚಿಕ್ಕ ಮಕ್ಕಳು ಚೀಲ ತಂದು ತುಂಬಿಕೊಂಡು ಹೋದರು. ಬಡವರ ಮನೆಯಲ್ಲಿ ಅಂದು ಮೀನಿನ ಸಾರು. ಬೇಡ ಎಂದು ಹೇಳಲು ಹೋದರೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಯಾವ ಇಲಾಖೆಯವರೂ ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಪಂಚನಾಮೆ ಆಗಲಿಲ್ಲ. ನೀರಿನ ಮಾದರಿಯನ್ನು ಯಾರೂ ತುಂಬಿಕೊಳ್ಳಲಿಲ್ಲ. ಎರಡು ದಿನ ನಾತ ಹೊಡೆಯಿತು, ಕಾಗೆ ನಾಯಿ ತಿಂದು ಮುಗಿಸಿದವು.

ನನ್ನ ಸಿಟ್ಟು ಇಲ್ಲಿಂದ ಹುಟ್ಟಿದ್ದು. ಹೊಲದಲ್ಲಿ ಮತ್ತೊಬ್ಬರ ದನ ಮೇಯ್ದರೆ ಪಂಚಾಯ್ತಿ ಸೇರುತ್ತದೆ. ಎಮ್ಮೆಗೆ ಲಾರಿ ಬಡಿದರೆ ಪೊಲೀಸರು ಬರುತ್ತಾರೆ, ಪರಿಹಾರದ ಮಾತಾಗುತ್ತದೆ. ಒಂದು ಹೊಳೆಯ ಮೀನೆಲ್ಲ ಒಂದೇ ದಿನ ಸತ್ತರೆ ಒಂದು ಹಾಳೆ ಕಾಗದ ಹುಟ್ಟುವುದಿಲ್ಲ. ಯಾಕೆಂದರೆ ಹೊಳೆಯ ಮೀನಿಗೆ ಪಹಣಿ ಇಲ್ಲ, ಸರ್ವೆ ನಂಬರ್ ಇಲ್ಲ, ಕಿವಿಗೆ ಓಲೆ ಇಲ್ಲ. ಅದು ಯಾರದ್ದೂ ಅಲ್ಲ ಎಂಬ ಸುಳ್ಳನ್ನು ಎಲ್ಲರೂ ನಂಬಿದ್ದಾರೆ. ಕಾರ್ಖಾನೆ, ಪುರಸಭೆ, ಮರಳಿನ ಗುತ್ತಿಗೆದಾರ, ತೋಟಾ ಎಸೆಯುವ ಪುಂಡ, ಇವರೆಲ್ಲರ ಧೈರ್ಯ ನಿಂತಿರುವುದು ಈ ಒಂದು ಸುಳ್ಳಿನ ಮೇಲೆ.

ತುಂಗಭದ್ರೆ ನಮ್ಮ ಜಿಲ್ಲೆಗೆ ಬರುವ ಮೊದಲೇ ಪೆಟ್ಟು ತಿಂದಿರುತ್ತದೆ. 2018ರ ಅದೇ ಪಟ್ಟಿಯಲ್ಲಿ ಶಿವಮೊಗ್ಗದಿಂದ ಕೂಡಲಿಯವರೆಗಿನ ತುಂಗೆಯೂ ಇದೆ, ಭದ್ರಾವತಿ ಮತ್ತು ಹೊಳೆಹೊನ್ನೂರಿನ ನಡುವಿನ ಭದ್ರೆಯೂ ಇದೆ. ಕೂಡಲಿಯಲ್ಲಿ ಕೂಡುವುದು ಎರಡು ಗಾಯಗೊಂಡ ಹೊಳೆಗಳು. ಭದ್ರೆಯ ವಿಷಯ ಸರ್ಕಾರಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಭದ್ರಾವತಿಯ ಕಾರ್ಖಾನೆಗಳ ತ್ಯಾಜ್ಯದಿಂದ ಭದ್ರೆಯ ಮೀನುಗಾರಿಕೆಗೆ ಏನಾಗಿದೆ ಎಂದು ಎ. ಡೇವಿಡ್ ಎಂಬ ಮೀನುಗಾರಿಕಾ ವಿಜ್ಞಾನಿ ಅಧ್ಯಯನ ಮಾಡಿ 1956ರಲ್ಲೇ ಪ್ರಕಟಿಸಿದ್ದರು. ಕರ್ನಾಟಕ ಏಕೀಕರಣವಾದ ವರ್ಷ ಅದು. ಆ ಅಧ್ಯಯನ ಓದಿದ ಮೇಲೆ ಹೊಳೆಯ ಪಕ್ಕ ಇನ್ನೊಂದು ದೊಡ್ಡ ಕಾರ್ಖಾನೆ ಕಟ್ಟುವವರು ಹತ್ತು ಸಲ ಯೋಚಿಸಬೇಕಿತ್ತು.

ಯೋಚಿಸಲಿಲ್ಲ. 1972ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಹರಿಹರದ ಎದುರು ದಂಡೆಯಲ್ಲಿ, ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕೆಲಸ ಶುರುಮಾಡಿತು. ರೇಯಾನ್ ಬಟ್ಟೆಗೆ ಬೇಕಾದ ಮರದ ತಿರುಳು ಅಲ್ಲಿ ತಯಾರಾಗತೊಡಗಿತು. ಈ ಕೆಲಸದ ಬಗೆಯನ್ನು ತಿಳಿದರೆ ಮೀನಿನ ಕಷ್ಟವೂ ತಿಳಿಯುತ್ತದೆ. ನೀಲಗಿರಿಯನ್ನೋ ಬಿದಿರನ್ನೋ ಚೂರು ಮಾಡಿ ರಾಸಾಯನಿಕದಲ್ಲಿ ಬೇಯಿಸುತ್ತಾರೆ. ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗಿ ಬೇರೆಯಾಗುತ್ತದೆ. ಉಳಿದ ತಿರುಳನ್ನು ತೊಳೆದು ಬಿಳುಪು ಮಾಡುತ್ತಾರೆ. ಪ್ರತಿ ಹಂತಕ್ಕೂ ನೀರು ಬೇಕು, ಬಹಳ ನೀರು. ಹೊರಬರುವ ಕಂದು ನೀರನ್ನು ಪೂರ್ತಿ ಶುದ್ಧಿ ಮಾಡದೆ ಹೊಳೆಗೆ ಬಿಟ್ಟರೆ ಅದರಲ್ಲಿರುವ ಸಾವಯವ ಕಸವನ್ನು ಕರಗಿಸಲು ಸೂಕ್ಷ್ಮಜೀವಿಗಳು ಹೊಳೆಯ ಆಮ್ಲಜನಕವನ್ನು ಕಬಳಿಸುತ್ತವೆ. ಒಳ್ಳೆಯ ಹೊಳೆಯ ಒಂದು ಲೀಟರ್ ನೀರಿನಲ್ಲಿ ಏಳೆಂಟು ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಐದರ ಕೆಳಗೆ ಇಳಿದರೆ ಮೀನಿಗೆ ಸಂಕಟ, ಎರಡರ ಹತ್ತಿರ ಬಂದರೆ ಸಾವು. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಹೀಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಮೀನು ಎರಡೂ ಕಡೆಯಿಂದ ಸಿಕ್ಕಿಬೀಳುತ್ತದೆ. ಮೊದಲ ಮಳೆ ಬಂದಾಗ ತಳದಲ್ಲಿ ಕೂತ ರಾಡಿ ಒಮ್ಮೆಲೇ ಕದಡಿ ಇದ್ದಬದ್ದ ಉಸಿರನ್ನೂ ಕಿತ್ತುಕೊಳ್ಳುತ್ತದೆ.

1980ರ ದಶಕದಲ್ಲಿ ಈ ದಂಡೆಯಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿದವು. ಕಾರ್ಖಾನೆಯ ನೀರೇ ಕಾರಣ ಎಂದು ಹೊಳೆಯ ಕೆಳಗಿನ ಹಳ್ಳಿಗಳು ಎದ್ದು ನಿಂತವು. ಅಮೆರಿಕದ ಕೆಲಸ ಬಿಟ್ಟು 1979ರಲ್ಲಿ ಮರಳಿ ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಮಾಡುತ್ತಿದ್ದ ಎಸ್.ಆರ್. ಹಿರೇಮಠರು ಈ ಹೋರಾಟಕ್ಕೆ ಹೆಗಲು ಕೊಟ್ಟರು. ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹುಟ್ಟಿತು. ಬಲೆ ನೇಯುವವರು, ಕುರಿ ಕಾಯುವವರು, ಹೊಲದವರು ಕಾರ್ಖಾನೆಯ ಎದುರು ನಿಂತರು. ಆಗ ಹಾವೇರಿ ಜಿಲ್ಲೆಯೇ ಇರಲಿಲ್ಲ. ಅದು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಅಂದರೆ ನಮ್ಮ ಜಿಲ್ಲೆಗಿಂತ ನಮ್ಮ ಹೊಳೆಯ ಜಗಳ ಹಳೆಯದು.

ಅದೇ ಕಾರ್ಖಾನೆಯ ಹಸಿವು ಹೊಳೆಯಿಂದ ಗೋಮಾಳಕ್ಕೂ ಬಂತು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮವೂ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಜನರ ದನ ಮೇಯುವ 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಯುವ ಯೋಜನೆ ಹಾಕಿದರು. ಶಿವರಾಮ ಕಾರಂತರು ಮುಂದೆ ನಿಂತು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಹಣ್ಣಿಗೆ ಮೇವಿಗೆ ಬರುವ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಗೋಮಾಳದ ಜಗಳವನ್ನು ನಮ್ಮ ಜಿಲ್ಲೆಯ ಜನ ಗೆದ್ದರು. ಹೊಳೆಯ ಜಗಳ ಗೆಲ್ಲಲಿಲ್ಲ, 2018ರ ಪಟ್ಟಿಯೇ ಅದಕ್ಕೆ ಸಾಕ್ಷಿ. ಕಾರಣ ನನಗೆ ಸ್ಪಷ್ಟ. ಗೋಮಾಳಕ್ಕೆ ಸರ್ವೆ ನಂಬರ್ ಇತ್ತು. ಯಾವ ಊರಿನ ಎಷ್ಟು ಎಕರೆ ಹೋಯಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಸತ್ತ ಮೀನನ್ನು ಮೂರನೆಯ ದಿನ ಯಾರೂ ಬೆರಳಿಟ್ಟು ತೋರಿಸಲಾರರು.

ಒಂದು ಕಾರ್ಖಾನೆಯ ಕಡೆ ಬೆರಳು ತೋರಿಸಿ ಉಳಿದವರನ್ನು ಬಿಟ್ಟುಬಿಡುವವನು ನಾನಲ್ಲ. ಊರುಗಳ ಚರಂಡಿ ನೀರು ಹಳ್ಳ ಹಿಡಿದು ಹೊಳೆಗೇ ಬರುತ್ತದೆ. ಎರಡೂ ದಂಡೆಯ ಪಟ್ಟಣಗಳಲ್ಲಿ ಮನೆಗೆ ಮನೆ ಸೇರಿದೆ, ಕಾಂಪ್ಲೆಕ್ಸ್ ಎದ್ದಿವೆ, ಒಳಚರಂಡಿಯ ಹೆಸರಿನಲ್ಲಿ ರಸ್ತೆಗಳನ್ನು ಅಗೆದು ಮುಚ್ಚಿ ಮತ್ತೆ ಅಗೆದಿದ್ದಾರೆ. ಕೊನೆಗೆ ಆ ನೀರು ಎಲ್ಲಿ ಸೇರುತ್ತದೆ ಎಂದು ಹಳ್ಳದ ಜಾಡು ಹಿಡಿದು ನಡೆದು ನೋಡಿದವರಿಗೆ ಉತ್ತರ ಸಿಗುತ್ತದೆ. ಸ್ನಾನಕ್ಕೆ ಯೋಗ್ಯ ಎನ್ನಿಸಿಕೊಳ್ಳುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು ಎಂದು ಮಂಡಳಿಯೇ ಬರೆದಿದೆ. ಹೊಳೆಗೆ ಬಿಡುವ ತ್ಯಾಜ್ಯನೀರಿಗೆ ಸಾಮಾನ್ಯ ಮಿತಿ 30. ಹತ್ತು ಪಾಲು ಹೆಚ್ಚು ಕೊಳೆಯಿರುವ ನೀರನ್ನು ಬಿಡಬಹುದು, ಹೊಳೆ ಅದನ್ನು ತೆಳುವಾಗಿಸುತ್ತದೆ ಎಂಬ ನಂಬಿಕೆ ಇದು. ಆಗಸ್ಟ್‌ನಲ್ಲಿ ದಂಡೆ ತುಂಬಿ ಹರಿವಾಗ ಈ ಲೆಕ್ಕ ನಡೆದೀತು. ಮೇ ತಿಂಗಳಲ್ಲಿ, ಹೊಳೆಯ ನಡುವೆ ಮೊಣಕಾಲು ನೀರಿನಲ್ಲಿ ಎತ್ತಿನ ಗಾಡಿ ದಾಟುವಾಗ, ತೆಳುವಾಗಿಸಲು ಹೊಳೆ ಎಲ್ಲಿದೆ? ಬೇಸಿಗೆಗೆ ಬೇರೆ ಮಿತಿ ಬೇಕು ಎಂಬ ಮಾತನ್ನು ಹೊಳೆದಂಡೆಯ ಯಾವ ಮುದುಕಿಯೂ ಹೇಳುತ್ತಾಳೆ. ಕಾನೂನು ಬರೆದವರಿಗೆ ಅದು ಹೊಳೆಯಲಿಲ್ಲ.

ಇನ್ನು ಮರಳು. ಮೀನು ಎಲ್ಲಿ ಮೊಟ್ಟೆ ಇಡುತ್ತದೆ, ಮರಿ ಎಲ್ಲಿ ಅಡಗುತ್ತದೆ ಎಂದು ಗಾಳ ಹಾಕುವವನಿಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ಅವನ ಬೆಂಡು ಮುಳುಗುವುದಿಲ್ಲ. ಮರಳು ದಿನ್ನೆ, ಅದರ ಬದಿಯ ತೆಳುನೀರು, ಅದರಾಚೆಯ ಮಡು, ಈ ಮೂರೂ ಸೇರಿದರೆ ಮೀನಿನ ಮನೆ. ಮಳೆಗಾಲ ಮುಗಿದ ಮೇಲೂ ಮರಳಿನ ಹೊಟ್ಟೆಯಲ್ಲಿ ನೀರು ಉಳಿದು ನಿಧಾನವಾಗಿ ಬಸಿಯುತ್ತದೆ, ಅದರಿಂದ ಮಡುಗಳು ತಂಪಾಗಿರುತ್ತವೆ. ಫೈಬರ್ ದೋಣಿಗೆ ಮೋಟರು ಕಟ್ಟಿ ಹೊಳೆಯ ತಳದಿಂದ ಮರಳು ಹೀರುವವರು ಈ ಮನೆಯನ್ನು ಬುಡಸಮೇತ ಎತ್ತಿಬಿಡುತ್ತಾರೆ. ರಾತ್ರಿ ದಂಡೆಯಲ್ಲಿ ಕೂತರೆ ಪಂಪಿನ ಗುಡುಗು ಕೇಳುತ್ತದೆ, ಬೆಳಗಾಗುವ ಮೊದಲು ಟಿಪ್ಪರುಗಳು ದೀಪ ಆರಿಸಿಕೊಂಡು ಹೊರಡುತ್ತವೆ. ಹಗಲು ನೋಡಿದರೆ ದಂಡೆಯ ಮೇಲೆ ಕಳ್ಳತನದ ಗುರುತು ಮುಚ್ಚಿಡುವ ಶ್ರಮವನ್ನೂ ಯಾರೂ ಪಟ್ಟಿರುವುದಿಲ್ಲ. ಕದಡಿದ ಹೂಳು ಕಿವಿರಿಗೆ ಮೆತ್ತಿಕೊಳ್ಳುತ್ತದೆ, ಮೊಟ್ಟೆಯ ಮೇಲೆ ಕೂರುತ್ತದೆ. ಎಷ್ಟೇ ಚಿಕ್ಕ ಜಾಗವಾದರೂ ಪರಿಸರ ಅನುಮತಿ ಇಲ್ಲದೆ ಮರಳು ತೆಗೆಯಲು ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಫೆಬ್ರವರಿಯಲ್ಲಿ. ಅದಾದ ಮೇಲೂ ನಮ್ಮ ಹೊಳೆಯಲ್ಲಿ ಪಂಪು ನಿಂತಿಲ್ಲ. ಗುಂಡಿ ಗೊತ್ತಿಲ್ಲದೆ ಈಜಲು ಇಳಿದ ಹುಡುಗರು ಮುಳುಗಿದ ಸುದ್ದಿ ಬಂದಾಗ ಎರಡು ದಿನ ದೋಣಿ ಮರೆಯಾಗುತ್ತವೆ. ಮೂರನೆಯ ರಾತ್ರಿ ಮತ್ತೆ ಅದೇ ಗುಡುಗು.

ನಮ್ಮ ನಮ್ಮಲ್ಲೇ ಇರುವ ಕೇಡನ್ನೂ ಹೇಳಬೇಕು. ಕಲ್ಲುಕ್ವಾರಿಯ ತೋಟಾ ತಂದು ಮಡುವಿಗೆ ಎಸೆಯುವವರಿದ್ದಾರೆ. ವಿದ್ಯುತ್ ತಂತಿಯಿಂದ ಕೊಂಡಿ ಎಳೆದು ನೀರಿಗೆ ಕರೆಂಟು ಬಿಡುವವರಿದ್ದಾರೆ. ಬ್ಲೀಚಿಂಗ್ ಪೌಡರ್ ಸುರಿಯುವವರೂ ಇದ್ದಾರೆ. ಒಂದು ತೋಟಾ ಸಿಡಿದರೆ ಮೇಲೆ ತೇಲುವುದು ಕೆಲವೇ ಮೀನು. ಗಾಳಿಚೀಲ ಒಡೆದು ತಳ ಸೇರುವುದೇ ಹೆಚ್ಚು. ಬೆರಳುದ್ದದ ಮರಿ, ಮೊಟ್ಟೆ, ಸಿಗಡಿ ಎಲ್ಲ ಅಲ್ಲೇ ಮುಗಿದವು. ಒಂದು ಚೀಲ ಮೀನಿಗಾಗಿ ಒಂದು ಮಡುವಿನ ಮುಂದಿನ ವರ್ಷಗಳನ್ನು ತಿಂದುಹಾಕಿದ ಈ ಜನ ನಮ್ಮ ಊರಿನವರೇ, ನಮ್ಮ ನಡುವೆ ಚಹಾ ಕುಡಿಯುವವರೇ. ಇವರನ್ನು ಗಾಳಗಾರರೆಂದೂ ಮೀನುಗಾರರೆಂದೂ ಕರೆಯಬಾರದು. ನಾನು ಇಂಥವರ ಜೊತೆ ಹರಿಗೋಲು ಹತ್ತುವುದಿಲ್ಲ, ಅವರು ಕೊಟ್ಟ ಮೀನು ಮುಟ್ಟುವುದಿಲ್ಲ.

ಮೀನಿರುವ ನೀರಿಗೆ ತೋಟಾ ಹಾಕುವುದೂ ವಿಷ ಬೆರೆಸುವುದೂ ಅಪರಾಧ ಎಂದು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯಲ್ಲೇ ಬರೆದಿತ್ತು. ಎರಡು ತಿಂಗಳವರೆಗೆ ಜೈಲು ಇಲ್ಲವೇ 200 ರೂಪಾಯಿವರೆಗೆ ದಂಡ. ಬ್ರಿಟಿಷರ ಕಾಲದಲ್ಲಿ ಆ ದಂಡ ಭಾರವಾಗಿದ್ದೀತು. ಆಮೇಲೆ 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು, ಅದೇ ವರ್ಷ ರಾಜ್ಯದ ಮಾಲಿನ್ಯ ಮಂಡಳಿಯೂ ಬಂತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1996ರಲ್ಲಿ ತಮಿಳುನಾಡಿನ ಚರ್ಮದ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಡಿಸಿದವನೇ ತೆರಬೇಕು ಎಂಬ ತತ್ವವನ್ನು ಈ ದೇಶದ ಕಾನೂನಿನ ಭಾಗ ಎಂದು ಸಾರಿತು. ಕಾನೂನಿಗೇನೂ ಬರವಿಲ್ಲ. ಕೇಳುವ ಹಕ್ಕುದಾರ ಇಲ್ಲ.

ಹಕ್ಕುದಾರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ಇದೆ, ಅದನ್ನು ನಮ್ಮ ದಂಡೆಯ ಪ್ರತಿ ಊರಿನಲ್ಲೂ ಓದಿ ಹೇಳಬೇಕು ಎನ್ನಿಸುತ್ತದೆ. ಡರ್ಬಿ ಪಟ್ಟಣದ ಬಳಿ ಡರ್ವೆಂಟ್ ಎಂಬ ಹೊಳೆ. ದಂಡೆಯಲ್ಲಿ ಬ್ರಿಟಿಷ್ ಸೆಲನೀಸ್ ಎಂಬ ಕೃತಕ ನೂಲಿನ ಕಂಪನಿ. ಅದರ ಬಿಸಿನೀರು, ಕೊಳೆನೀರು ಹೊಳೆಗೆ. ಡರ್ಬಿ ನಗರಸಭೆಯ ಚರಂಡಿಯೂ ಹೊಳೆಗೆ. ವಿದ್ಯುತ್ ಮಂಡಳಿಯ ಬಿಸಿನೀರೂ ಅಲ್ಲಿಗೇ. ಮೀನು ಸತ್ತವು. ಆ ನೀರಿನಲ್ಲಿ ಗಾಳ ಹಾಕುವ ಹಕ್ಕು ಪಡೆದಿದ್ದ ಒಂದು ಸಂಘ, ಪ್ರೈಡ್ ಆಫ್ ಡರ್ಬಿ ಎಂಬ ಹೆಸರಿನದು, ಕೋರ್ಟಿಗೆ ಹೋಯಿತು. ಸಂಘದವರು ನನ್ನ ಹಾಗೆ ರಜೆಯ ದಿನ ಹೊಳೆಯಲ್ಲಿ ಕಳೆಯುವ ಜನ. ಬೆನ್ನಿಗೆ ನಿಂತದ್ದು 1948ರಲ್ಲಿ ಜಾನ್ ಈಸ್ಟ್‌ವುಡ್ ಎಂಬ ವಕೀಲ ಕಟ್ಟಿದ ಗಾಳಗಾರರ ಸಹಕಾರಿ ಒಕ್ಕೂಟ. 1950ರ ದಶಕದ ಆರಂಭದಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯನ್ನೂ ಬಿಡಲಿಲ್ಲ, ನಗರಸಭೆಯನ್ನೂ ಬಿಡಲಿಲ್ಲ, ವಿದ್ಯುತ್ ಮಂಡಳಿಯನ್ನೂ ಬಿಡಲಿಲ್ಲ. ಮೂವರ ಮೇಲೂ ತಡೆಯಾಜ್ಞೆ ಹಾಕಿತು. ನೂಲಿನ ಕಾರ್ಖಾನೆ ದೊಡ್ಡದು, ಕೆಲಸ ಕೊಡುತ್ತದೆ, ಊರು ಬೆಳೆಯಬೇಕು ಎಂಬ ಮಾತುಗಳು ಅಲ್ಲೂ ಇದ್ದವು. ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕು ಆಸ್ತಿಯ ಹಕ್ಕು, ಅದನ್ನು ಕೆಡಿಸುವ ಅಧಿಕಾರ ಯಾರಿಗೂ ಇಲ್ಲ ಎಂಬ ನೆಲೆಯ ಮೇಲೆ ಗಾಳಗಾರರು ಗೆದ್ದರು.

ಅದೇ ಬಗೆಯ ನೂಲು, ಅದೇ ಬಗೆಯ ಹೊಳೆ, ಅದೇ ಬಗೆಯ ಚರಂಡಿ. ಅಲ್ಲಿ ಕೋರ್ಟಿನ ತೀರ್ಪು ಬಂದು ಎರಡು ದಶಕ ಕಳೆದ ಮೇಲೆ ನಮ್ಮ ಕುಮಾರಪಟ್ಟಣದಲ್ಲಿ ತಿರುಳಿನ ಕಾರ್ಖಾನೆ ಶುರುವಾದದ್ದು. ಆ ಹೊತ್ತಿಗೆ ಜಗತ್ತಿಗೆ ತಿಳಿದಿದ್ದ ಪಾಠ ನಮ್ಮ ಬೆಸ್ತರಿಗೆ, ಅಂಬಿಗರಿಗೆ ಯಾರೂ ಹೇಳಲಿಲ್ಲ. ತಲೆಮಾರುಗಳಿಂದ ಬಲೆ ಬೀಸಿದ ನೀರಿನಲ್ಲಿ ಅವರಿಗೆ ಇರುವುದು ಹಕ್ಕು ಎಂದು ಯಾವ ಕಚೇರಿಯೂ ಒಪ್ಪಲಿಲ್ಲ. ಟೆಂಡರು ಕರೆದಾಗ ನೀರು ಸರ್ಕಾರದ್ದು, ಹಣ ಸರ್ಕಾರದ್ದು. ಮೀನು ಸತ್ತಾಗ ನೀರು ಯಾರದ್ದೂ ಅಲ್ಲ.

ಚೌಡಯ್ಯದಾನಪುರಕ್ಕೆ ಹೋಗಿ ಮುಕ್ತೇಶ್ವರ ಗುಡಿಯ ಹಿಂದೆ ಹೊಳೆಯ ಕಡೆ ಇಳಿಯಿರಿ. 12ನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ಹುಟ್ಟು ಹಾಕಿದ ನೀರು ಇದು ಎಂದು ನಾವು ನಂಬಿದ ಜಾಗ. ದೋಣಿ ನಡೆಸಿ ಹೊಟ್ಟೆ ಹೊರೆದವನು, ಎದುರಿಗಿದ್ದವನು ಎಷ್ಟೇ ದೊಡ್ಡವನಾದರೂ ಮುಖದ ಮೇಲೆ ಹೊಡೆದಂತೆ ಮಾತಾಡಿದವನು. ಪ್ರತಿ ಜನವರಿ 21ರಂದು ಸರ್ಕಾರ ಅವನ ಜಯಂತಿ ಮಾಡುತ್ತದೆ. ಫೋಟೋಗೆ ಹಾರ, ಮೆರವಣಿಗೆ, ಭಾಷಣ. ಅವನನ್ನು ಹೊಗಳುವ ಮಂತ್ರಿಗಳು, ಶಾಸಕರು, ಅಧಿಕಾರಿಗಳು ಆ ದಿನ ಹೊಳೆಗೆ ಇಳಿದು ಒಂದು ಬೊಗಸೆ ನೀರು ಎತ್ತಿ ನೋಡಬೇಕಿತ್ತು. ಅವನ ದೋಣಿ ನಡೆದ ನೀರು ಕೆಡುವುದನ್ನು ನೋಡಿಕೊಂಡಿದ್ದು ಅವನ ಹೆಸರು ಹೇಳುವುದು ಅವನಿಗೆ ಮಾಡುವ ಅವಮಾನ. ಈ ಮಾತನ್ನು ಅವನ ಜಯಂತಿಯ ವೇದಿಕೆಯ ಮೇಲೇ ಯಾರಾದರೂ ಹೇಳಬೇಕು.

ಮನಸ್ಸಿದ್ದರೆ ಸರ್ಕಾರಕ್ಕೆ ಆಗುತ್ತದೆ ಎಂಬುದಕ್ಕೂ ಇದೇ ಹೊಳೆ ಸಾಕ್ಷಿ. ಹೊಸಪೇಟೆಯ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನೀರುನಾಯಿಗೆಂದೇ ಮಾಡಿದ ಅಂಥ ಮೀಸಲು ದೇಶದಲ್ಲಿ ಅದೇ ಮೊದಲು. ನೀರುನಾಯಿ ಬದುಕುವುದು ಮೀನು ತಿಂದು. ಕೆಳಗೆ ಮೀನು ಬದುಕಬೇಕು ಎಂದು ಒಪ್ಪಿದ ಸರ್ಕಾರ, ಮೇಲೆ ಐರಣಿಯಲ್ಲಿ, ಗಳಗನಾಥದಲ್ಲಿ ಯಾಕೆ ಒಪ್ಪುವುದಿಲ್ಲ? ವರದೆ ಬಂದು ತುಂಗಭದ್ರೆಗೆ ಸೇರುವ ಗಳಗನಾಥದ ಸಂಗಮ ಮೀನಿಗೆ ಎಂಥ ಜಾಗ ಎಂದು ಅಲ್ಲಿ ಗಾಳ ಹಾಕಿದವರಿಗೆ ಗೊತ್ತು. ಹೊಸನೀರು ಬಂದಾಗ ಗೆಂಡೆಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ತು ವರದೆಗೆ ಹತ್ತುತ್ತವೆ. ಅಲ್ಲಿಗೆ ಒಂದು ಮೀಸಲು ಬೇಕು. ಕರಾವಳಿಯಲ್ಲಿ ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕಿಳಿಯುವಂತಿಲ್ಲ. ಸಮುದ್ರದ ಮೀನಿಗೆ ಮರಿ ಮಾಡಲು ಕೊಟ್ಟ ಬಿಡುವನ್ನು ಅಲ್ಲಿನ ಜನ ಪಾಲಿಸುತ್ತಾರೆ. ಅಂಥ ಬಿಡುವು ಈ ಹೊಳೆಗೂ ಬರಲಿ. ನಾನು ಗಾಳ ಮಡಚಿಡುತ್ತೇನೆ, ನನ್ನ ಜೊತೆಯವರೂ ಮಡಚಿಡುತ್ತಾರೆ. ಆದರೆ ಆ ದಿನಗಳಲ್ಲಿ ಮರಳಿನ ಪಂಪೂ ನಿಲ್ಲಬೇಕು.

ಬ್ಯಾಡಗಿಯವರಿಗೆ ಒಂದು ಮಾತು. ಹೊಳೆ ನಿಮ್ಮ ಊರಿನ ಪಕ್ಕ ಹರಿಯುವುದಿಲ್ಲ, ಇದು ರಾಣೆಬೆನ್ನೂರಿನವರ ತಕರಾರು ಎಂದು ನೀವು ಕೂರಬೇಡಿ. ಆಣೂರು ಕೆರೆಗೆ ತುಂಗಭದ್ರೆಯ ನೀರು ತುಂಬಿಸಿ ಎಂದು ಬೀದಿಯಲ್ಲಿ ಕೂತವರು ನಿಮ್ಮ ತಾಲ್ಲೂಕಿನ ರೈತರು. ಕೆರೆಗೆ ಬರುವುದು ಈ ಹೊಳೆಯಲ್ಲಿ ಏನಿದೆಯೋ ಅದೇ. ಹೊಳೆ ಕೆಟ್ಟರೆ ಕೊಳವೆಯಲ್ಲಿ ಹತ್ತಿ ಬರುವುದೂ ಕೆಟ್ಟದ್ದೇ, ಅದನ್ನು ಕುಡಿಯುವ ಮೆಣಸಿನ ಗಿಡವೂ ನಿಮ್ಮದೇ. ಹಾವೇರಿಯವರಿಗೂ ಇದೇ ಮಾತು.

ನಾವು ಕೇಳುವುದು ಆಗದ ಕೆಲಸವನ್ನಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಲವಾಗಲ, ಐರಣಿ, ಚೌಡಯ್ಯದಾನಪುರ, ಗಳಗನಾಥದಲ್ಲಿ ವಾರಕ್ಕೊಮ್ಮೆ ಹೊಳೆಯ ನೀರನ್ನು ಊರಿನವರ ಕಣ್ಣೆದುರು ತುಂಬಿಕೊಳ್ಳಲಿ. ಆಮ್ಲಜನಕ ಎಷ್ಟಿತ್ತು ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿಯ ಬೋರ್ಡಿಗೆ ಅಂಟಿಸಲಿ. ಮೀನು ಸತ್ತ ಸುದ್ದಿ ಮುಟ್ಟಿದ ದಿನವೇ ಮೀನುಗಾರಿಕೆ ಇಲಾಖೆಯೂ ಮಾಲಿನ್ಯ ಮಂಡಳಿಯೂ ದಂಡೆಗೆ ಬಂದು ಪಂಚನಾಮೆ ಮಾಡಲಿ. ಸತ್ತ ಮೀನನ್ನು ಐಸಿನಲ್ಲಿಟ್ಟು ಪರೀಕ್ಷೆಗೆ ಕಳಿಸಲಿ, ಯಾರೂ ಅದನ್ನು ತಿನ್ನದಂತೆ ಡಂಗುರ ಸಾರಿಸಲಿ. ಬಲೆಯನ್ನೇ ನಂಬಿದ ಮನೆಗಳಿಗೆ ಆದ ನಷ್ಟವನ್ನು ಲೆಕ್ಕ ಹಾಕಿ, ಕೆಡಿಸಿದವರು ಯಾರೆಂದು ಸಾಬೀತಾಗುತ್ತದೋ ಅವರಿಂದಲೇ ವಸೂಲಿ ಮಾಡಿ ಕೊಡಿಸಲಿ. ಹಿಡಿದ ಮರಳಿನ ದೋಣಿಯನ್ನು ದಂಡ ಕಟ್ಟಿಸಿಕೊಂಡು ಹಿಂದಕ್ಕೆ ಕೊಡುವುದು ನಿಲ್ಲಲಿ. ಶುದ್ಧೀಕರಣ ಘಟಕ ಇಲ್ಲದ ಪುರಸಭೆ, ನಗರಸಭೆ ಹೊಸ ಬಡಾವಣೆಗೆ ಒಪ್ಪಿಗೆ ಕೊಡದಿರಲಿ.

ಇದನ್ನೆಲ್ಲ ಮನವಿ ಪತ್ರದಲ್ಲಿ ಬರೆದು ಕೊಟ್ಟು ಸುಮ್ಮನಾಗುವುದಿಲ್ಲ. ಬರುವ ಏಪ್ರಿಲ್‌ನಲ್ಲಿ ಹೊಳೆಯ ಬಣ್ಣ ತಿರುಗಿದ ದಿನವೇ ಬಾಟಲಿಗೆ ನೀರು ತುಂಬಿ, ಮುಚ್ಚಳಕ್ಕೆ ಅರಗು ಹಾಕಿ, ಜಾಗ, ದಿನ, ಹೊತ್ತು ಬರೆದು, ಊರಿನ ಐವರ ಸಹಿ ಹಾಕಿಸಿ, ಒಂದನ್ನು ನಮ್ಮ ಬಳಿ ಇಟ್ಟುಕೊಂಡು ಇನ್ನೊಂದನ್ನು ದೇವಗಿರಿಯ ಜಿಲ್ಲಾಧಿಕಾರಿ ಕಚೇರಿಗೆ ತರುತ್ತೇವೆ. ಮೀನು ಸತ್ತಿದ್ದರೆ ಮೀನನ್ನೂ ತರುತ್ತೇವೆ. ಮೇಜಿನ ಮೇಲೆ ಇಡುತ್ತೇವೆ. ತಾರೀಖು ಹಾಕಿ, ಮೊಹರು ಒತ್ತಿ ಸ್ವೀಕೃತಿ ಬರೆದುಕೊಡುವವರೆಗೆ ಅಲ್ಲಿಂದ ಏಳುವುದಿಲ್ಲ.